ಹತ್ತಕ್ಕೆ ಆರೂವರೆ

2019ರ ಫೆಬ್ರವರಿ 12, ಮಂಗಳವಾರ, ಬೆಳಗ್ಗೆ 7 ಗಂಟೆ 40 ನಿಮಿಷ. ಮಗಳು ಒಂದೇ ಕಾಲಿಗೆ ಕಾಲುಚೀಲ ಹಾಕಿಕೊಂಡು ಮಂಚದ ಅಂಚಿನಲ್ಲಿ ಕುಳಿತಿದ್ದಳು. ನಾನು ಪೆನ್ನು ಹಿಡಿದು ಎದುರಿಗೆ ನಿಂತಿದ್ದೆ.

"ಎಷ್ಟು?"

"ಆರು."

"ನಿನ್ನೆ ಸಂಜೆನೂ ಆರು ಅಂದಿದ್ದೆ. ಅಷ್ಟೇನಾ, ಅದಕ್ಕಿಂತ ಸ್ವಲ್ಪ ಜಾಸ್ತಿನಾ?"

ಅವಳು ಕಣ್ಣು ಮುಚ್ಚಿ, ಹೊಕ್ಕುಳ ಮೇಲೆ ಅಂಗೈ ಇಟ್ಟು, ಒಳಗೆ ಯಾರನ್ನೋ ವಿಚಾರಿಸಿಕೊಂಡು ಬಂದವಳಂತೆ ಹೇಳಿದಳು: "ಆರೂವರೆ."

ನಾನು 6.5 ಎಂದು ಬರೆದುಕೊಂಡೆ. ಅಡುಗೆಮನೆಯಿಂದ ಮಾವನ ಧ್ವನಿ ಬಂತು: "ಸುಮ್ನೆ ಕೂತಿದ್ದ ಮಗೂಗೆ ಇನ್ನೂ ಅರ್ಧ ಸೇರಿಸಿಬಿಟ್ಯಲ್ಲಮ್ಮಾ!"

ಮಾವ ನಲವತ್ತು ವರ್ಷ ದರ್ಜಿಯಾಗಿದ್ದವರು. ಅಂಗಡಿ ಮುಚ್ಚಿದರೂ ಹೊಲಿಗೆ ಯಂತ್ರ ಮನೆಯ ಮುಂದಿನ ಕೋಣೆಗೆ ಬಂದು ಕೂತಿದೆ, ಅದರ ಹಿಂದೆ ಅವರೂ. ಮೊಮ್ಮಗಳಿಗೆ 'ಸಾಸಿವೆ' ಎಂದು ಹೆಸರಿಟ್ಟವರು ಅವರೇ. ಗಾತ್ರ ಇಷ್ಟೇ, ಬಿಸಿ ತಾಗಿದರೆ ಸಿಡಿಯುತ್ತಾಳೆ ಎಂಬುದು ಅವರ ವಿವರಣೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿದೆ. ಮನೆಯಲ್ಲಿ ಆ ಹೆಸರಿನಿಂದ ಕರೆದರೆ ಅವಳು ತಿರುಗಿಯೂ ನೋಡುವುದಿಲ್ಲ.

ನನ್ನದು ಥರ್ಮಾಮೀಟರ್ ಕೆಲಸ. ಆಸ್ಪತ್ರೆಗಳಿಂದ, ಔಷಧಿ ಕಾರ್ಖಾನೆಗಳಿಂದ ಬರುವ ಥರ್ಮಾಮೀಟರುಗಳು ಸರಿಯಾಗಿ ತೋರಿಸುತ್ತವೆಯೇ ಎಂದು ಪರೀಕ್ಷಿಸಿ, ಎಷ್ಟು ತಪ್ಪು ಹೇಳುತ್ತವೆ ಎಂದು ಬರೆದುಕೊಡುವ ಲ್ಯಾಬಿನಲ್ಲಿ ಹದಿಮೂರು ವರ್ಷದಿಂದ ಇದ್ದೇನೆ. ಹಾಗಾಗಿ ಸಾಸಿವೆಗೆ ಹೊಟ್ಟೆನೋವು ಶುರುವಾಗಿ, ತಿಂಗಳಾದರೂ ಹೋಗದಿದ್ದಾಗ, ಬೇರೆ ತಾಯಂದಿರು ಏನು ಮಾಡುತ್ತಿದ್ದರೋ ಗೊತ್ತಿಲ್ಲ, ನಾನು ಒಂದು ತಖ್ತೆ ಮಾಡಿದೆ. ದಿನಕ್ಕೆ ಐದು ಸಲ, ನಿಗದಿತ ಹೊತ್ತಿಗೆ, ಸೊನ್ನೆಯಿಂದ ಹತ್ತರವರೆಗೆ. ಏನೂ ಇಲ್ಲದಿದ್ದರೆ ಸೊನ್ನೆ; ಬೆರಳು ಬಾಗಿಲಿಗೆ ಸಿಕ್ಕಿಕೊಂಡರೆ ಹತ್ತು. ಬೆರಳು ನಿಜವಾಗಿಯೇ ಒಮ್ಮೆ ಸಿಕ್ಕಿಕೊಂಡಿತ್ತು, ಆದ್ದರಿಂದ ಮೇಲಿನ ತುದಿ ಪಕ್ಕಾ ಇತ್ತು. ಅದರ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ನೋವು ಶುರುವಾದದ್ದು ಅಕ್ಟೋಬರಿನಲ್ಲಿ, ಮೂರು ದಿನದ ವಾಂತಿಭೇದಿಯ ಬೆನ್ನಿಗೆ. ವಾಂತಿಭೇದಿ ನಿಂತಿತು, ನೋವೂ ನಿಂತಿತು ಎನ್ನುವಷ್ಟರಲ್ಲಿ ಮತ್ತೆ ಬಂತು. ಹೊಕ್ಕುಳ ಸುತ್ತ, ಹೆಚ್ಚಾಗಿ ಬೆಳಗ್ಗೆ. ನಮ್ಮ ಬೀದಿಯ ವೈದ್ಯರು ರಕ್ತ, ಮೂತ್ರ, ಮಲ ಎಲ್ಲ ಪರೀಕ್ಷೆ ಮಾಡಿಸಿದರು, ಸ್ಕ್ಯಾನ್ ಮಾಡಿಸಿದರು. ಎಲ್ಲ ಸರಿ ಇದೆ ಎಂದು ಬಂತು. ಎಲ್ಲ ಸರಿ ಇದ್ದರೆ ಮಗು ಯಾಕೆ ಮಡಚಿಕೊಂಡು ಮಲಗುತ್ತದೆ? ಉಪಕರಣ ಸರಿಯಿದ್ದೂ ಅದು ತೋರಿಸುವ ರೀಡಿಂಗ್ ತಪ್ಪು ಬಂದರೆ ನಮ್ಮ ಲ್ಯಾಬಿನಲ್ಲಿ ಇನ್ನಷ್ಟು ರೀಡಿಂಗ್ ತೆಗೆದುಕೊಳ್ಳುತ್ತೇವೆ. ನಾನೂ ಅದನ್ನೇ ಮಾಡುತ್ತಿದ್ದೆ.

"ನಾನು ಗಿರಾಕಿ ಅಳತೆ ತೊಗೊಳ್ಳೋದು ಒಂದೇ ಸಲ," ಎಂದು ಮಾವ ಆ ಬೆಳಿಗ್ಗೆಯೂ ಎಂದಿನಂತೆ ಆರಂಭಿಸಿದರು. "ಟೇಪು ಹಿಡ್ಕೊಂಡು ಐದು ಸಲ ಸುತ್ತು ಹಾಕಿದ್ರೆ ಏನಾಗುತ್ತೆ ಗೊತ್ತಾ? ಅವನು ಹೊಟ್ಟೆ ಒಳಗೆ ಎಳ್ಕೊಂಡು ಸೆಟೆದು ನಿಂತ್ಬಿಡ್ತಾನೆ. ಆಮೇಲೆ ಹೊಲಿದ ಪ್ಯಾಂಟು ಯಾರಿಗೂ ಆಗಲ್ಲ."

"ಇದು ಪ್ಯಾಂಟಲ್ಲ ಮಾವ."

"ಹೊಟ್ಟೆ ತಾನೇ?"

ಆ ದಿನವೂ ಅವಳು ಶಾಲೆಗೆ ಹೋಗಲಿಲ್ಲ. ಸಂಜೆ ಶಾಲೆಯಿಂದ ಪತ್ರ ಬಂತು. ಎಂಬತ್ತು ದಿನದಲ್ಲಿ ಇಪ್ಪತ್ತೊಂಬತ್ತು ದಿನ ಗೈರು. ಮಾರ್ಚ್ ಕೊನೆಯೊಳಗೆ ಇನ್ನು ನಾಲ್ಕು ದಿನಕ್ಕಿಂತ ಹೆಚ್ಚು ತಪ್ಪಿದರೆ ಇದೇ ಮೂರನೇ ತರಗತಿಯಲ್ಲಿ ಮತ್ತೊಂದು ವರ್ಷ. ಅರ್ಧ ದಿನ ಮನೆಗೆ ಕರೆದುಕೊಂಡು ಹೋದರೂ ಅದು ಗೈರೇ. ಕೆಳಗೆ ಮುಖ್ಯೋಪಾಧ್ಯಾಯಿನಿಯ ಸಹಿ, ಪಕ್ಕದಲ್ಲಿ 'ಬೇಸರದಿಂದ' ಎಂದು ಕೈಬರಹ.

ಸಾಸಿವೆ ಪತ್ರವನ್ನು ನನ್ನ ಭುಜದ ಮೇಲಿಂದ ಓದಿಬಿಟ್ಟಳು. "ಅಂದ್ರೆ ಗುಂಗುರು ನಾಲ್ಕನೇ ಕ್ಲಾಸಿಗೆ ಹೋಗ್ತಾಳೆ, ನಾನು ಇಲ್ಲೇ ಇರ್ತೀನಾ?"

ಗುಂಗುರು ಎಂದರೆ ಒಂದೇ ಬೆಂಚಿನ ಗೆಳತಿ, ತಲೆಯ ತುಂಬ ಸುರುಳಿ ಕೂದಲು. ಇಬ್ಬರೂ ಒಂದು ರಬ್ಬರನ್ನು ಎರಡು ತುಂಡು ಮಾಡಿ ಹಂಚಿಕೊಂಡವರು.

"ಹಾಗೇನಾಗಲ್ಲ," ಎಂದೆ. ಅವಳು ಹೊಟ್ಟೆ ಹಿಡಿದುಕೊಂಡಳು. ನನ್ನ ಕೈ ತಾನಾಗಿಯೇ ಪೆನ್ನಿನ ಕಡೆಗೆ ಹೋಯಿತು.

ಮಕ್ಕಳ ಹೊಟ್ಟೆ-ಕರುಳನ್ನೇ ನೋಡುವ ದೊಡ್ಡ ಡಾಕ್ಟರ ಅಪಾಯಿಂಟ್‌ಮೆಂಟ್ ಸಿಕ್ಕಿದ್ದು 19ನೇ ತಾರೀಖು ಸಂಜೆ, ಶಾಲೆ ಬಿಟ್ಟ ಮೇಲೆ. ನನ್ನ ಗಂಡ ಲಿಫ್ಟ್ ರಿಪೇರಿ ಮಾಡುವವನು. ಅವನ ಫೋನು ದಿನದ ಮುಕ್ಕಾಲು ಪಾಲು ಯಾವುದೋ ಕಟ್ಟಡದ ಲಿಫ್ಟಿನ ಬಾವಿಯೊಳಗೆ ಸಿಗ್ನಲ್ ಇಲ್ಲದೆ ಇರುತ್ತದೆ. ಅವನು ಬರಲಾಗಲಿಲ್ಲ. ಮಾವ, ನಾನು, ಸಾಸಿವೆ ಹೋದೆವು. ನನ್ನ ಚೀಲದಲ್ಲಿ ತಖ್ತೆಯ ಅಂಕಿಗಳಿಂದ ಬರೆದ ಗ್ರಾಫಿತ್ತು. ಮೂರು ಬಣ್ಣದ್ದು.

ಒಳಗೆ ಮೊದಲು ತೂಕ ನೋಡಿದರು. 22.4 ಕಿಲೋ. "ತೂಕದ ಯಂತ್ರದ ಎಡಗಾಲು ಟೈಲ್ಸಿನ ಸಂದಿಯಲ್ಲಿದೆ," ಎಂದೆ. "ಸ್ವಲ್ಪ ಈಚೆಗೆ ಎಳೆದು ಇನ್ನೊಂದ್ಸಲ ನೋಡ್ತೀರಾ?" ನರ್ಸು ನನ್ನನ್ನೂ ಯಂತ್ರವನ್ನೂ ನೋಡಿದಳು. ಎಳೆದಳು. 22.2. ಮಾವ ಛಾವಣಿ ನೋಡುತ್ತಾ ನಿಂತರು, ಈ ಹೆಂಗಸು ನಮ್ಮ ಮನೆಯವಳಲ್ಲ ಎಂಬಂತೆ.

ಡಾಕ್ಟರು ಐವತ್ತು ದಾಟಿದ ಹೆಂಗಸು. ಸ್ಟೆತಸ್ಕೋಪಿಗೆ ಯಾವುದೋ ಮಗು ಅಂಟಿಸಿದ ಸ್ಟಿಕರ್ ಹಾಗೇ ಇತ್ತು. ಸಾಸಿವೆಯ ಹೊಟ್ಟೆಯನ್ನು ಎಲ್ಲ ಕಡೆ ಮೆಲ್ಲಗೆ ಒತ್ತಿ ನೋಡಿದರು. ನಿದ್ದೆಯಲ್ಲಿ ನೋವಿನಿಂದ ಎಚ್ಚರವಾಗುತ್ತದೆಯೇ, ಜ್ವರ ಬರುತ್ತದೆಯೇ, ಮಲದಲ್ಲಿ ರಕ್ತ, ಹಸಿರು ವಾಂತಿ, ತೂಕ ಇಳಿಯುವುದು, ಕೀಲುನೋವು, ಮನೆತನದಲ್ಲಿ ಕರುಳಿನ ಕಾಯಿಲೆ ಎಂದು ಒಂದೊಂದಾಗಿ ಕೇಳಿದರು. ಎಲ್ಲಕ್ಕೂ ಇಲ್ಲ ಎಂದೆ. ತೂಕ ಅಕ್ಟೋಬರಿಗಿಂತ ಎಂಟುನೂರು ಗ್ರಾಂ ಹೆಚ್ಚಾಗಿತ್ತು. ಹಳೆಯ ಪರೀಕ್ಷೆಗಳ ಕಾಗದಗಳನ್ನು ಪೂರ್ತಿ ಓದಿದರು. ಆಮೇಲೆ ನಾನು ಗ್ರಾಫನ್ನು ಮೇಜಿನ ಮೇಲೆ ಹರಡಿದೆ.

"ಅಬ್ಬಾ!" ಎಂದರು. "ಇಷ್ಟು ಚೆಂದದ್ದನ್ನ ನಾನು ನೋಡೇ ಇರ್ಲಿಲ್ಲ. ಒಟ್ಟು ಎಷ್ಟು ಸಲ ಕೇಳಿದ್ದೀರಿ?"

"ನಾನೂರ ಮೂವತ್ತೊಂದು."

"ಇಲ್ಲಿ ಮೂರು ದಿನ ಖಾಲಿ ಇದೆಯಲ್ಲ?"

ಜನವರಿ 22ರಿಂದ 24. ನನಗೆ ಇವತ್ತಿಗೂ ಕಸಿವಿಸಿಯಾಗುವ ಖಾಲಿ ಜಾಗ. ಬೇರೆ ಊರಿನ ಆಸ್ಪತ್ರೆಯೊಂದರ ಉಪಕರಣ ನೋಡಲು ಹೋಗಿದ್ದೆ. ತಖ್ತೆಯನ್ನು ಮಾವನ ಕೈಗೆ ಕೊಟ್ಟು, ಹೊತ್ತು ಬರೆದಿಟ್ಟು ಹೋಗಿದ್ದೆ. ವಾಪಸು ಬಂದಾಗ ಹಾಳೆ ಬಿಳಿಯಾಗಿಯೇ ಇತ್ತು.

"ಪೆನ್ನು ಸಿಕ್ಕಿರ್ಲಿಲ್ಲ," ಎಂದು ಮಾವ ಈಗಲೂ ಅದೇ ಹೇಳಿದರು. ಬಟ್ಟೆಗೆ ಗುರುತು ಹಾಕುವ ಪೆನ್ಸಿಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡೇ ಹೇಳಿದರು.

ಡಾಕ್ಟರು ಸಾಸಿವೆಯ ಕಡೆಗೆ ತಿರುಗಿದರು. "ಆ ಮೂರು ದಿನ ನೋವು ಇತ್ತಾ ಪುಟ್ಟಾ?"

"ಇತ್ತು. ಒಂದು ದಿನ ಜೋರಾಗಿತ್ತು."

"ಏನು ಮಾಡಿದೆ?"

"ತಾತಂಗೆ ಹೇಳಿದೆ. ತಾತ ಹೌದಾ ಅಂದ್ರು, ಬೆನ್ನು ಸವರಿದ್ರು. ಆಮೇಲೆ ಅಂಗಿಗಳಿಗೆ ಗುಂಡಿ ಹೊಲಿಯೋದಿತ್ತು, ಹದಿನಾಲ್ಕು. ಅದಾದ ಮೇಲೆ ಬಸ್ ಬಂತು. ಹೋದೆ."

"ಮೂರೂ ದಿನ ಶಾಲೆಗೆ?"

"ಹೂಂ."

ಈ ಸಂಗತಿ ನನಗೆ ಗೊತ್ತಿತ್ತು. ಗೊತ್ತಿದ್ದೂ, ರೀಡಿಂಗ್ ಇಲ್ಲದ ದಿನಗಳೆಂದು ಲೆಕ್ಕದಿಂದ ಬಿಟ್ಟಿದ್ದೆ.

"ನೋಡಿ," ಎಂದರು ಡಾಕ್ಟರು, "ಮೊದಲು ಒಂದು ಮಾತು. ಇವಳಿಗೆ ನೋವು ಇರೋದು ನಿಜ. ನಾಟಕ ಅಲ್ಲ, ಶಾಲೆ ತಪ್ಪಿಸೋ ಉಪಾಯನೂ ಅಲ್ಲ. ಕರುಳು ಕೆಲಸ ಮಾಡೋವಾಗ ನಮ್ಮೆಲ್ಲರ ಹೊಟ್ಟೆಲೂ ಹಿಗ್ಗೋದು ಕುಗ್ಗೋದು ಇದ್ದೇ ಇರುತ್ತೆ, ನಮಗೆ ಗೊತ್ತಾಗಲ್ಲ. ಆ ವಾಂತಿಭೇದಿ ಆದ್ಮೇಲೆ ಇವಳ ನರಗಳು ಚುರುಕಾಗಿಬಿಟ್ಟಿವೆ. ಸಣ್ಣದನ್ನೂ ಮಿದುಳಿಗೆ ಹೇಳ್ತವೆ, ಮಿದುಳು ಅದನ್ನ ನೋವು ಅಂತ ತೊಗೊಳ್ಳುತ್ತೆ. ಎಷ್ಟು ಗಮನ ಕೊಟ್ರೆ ಅಷ್ಟು ಚೆನ್ನಾಗಿ ಹೇಳೋದು ಕಲೀತವೆ." ಗ್ರಾಫಿನ ಮೇಲೆ ಬೆರಳಿಟ್ಟರು. "ಅವಳು ಆಟ ಬಿಟ್ಟು, ಪಾಠ ಬಿಟ್ಟು, ನಾನೂರ ಮೂವತ್ತೊಂದು ಸಲ ಹೊಟ್ಟೆ ಒಳಗೆ ಹೋಗಿ ನೋಡ್ಕೊಂಡು ಬಂದಿದ್ದಾಳೆ ಅಮ್ಮ. ನೀವು ಕಳಿಸಿದ್ದೀರಿ."

ಬೈಗುಳದ ಧ್ವನಿ ಇರಲಿಲ್ಲ. ಇದ್ದಿದ್ದರೆ ವಾಸಿಯಿತ್ತು. ಮಾವ ಏನಾದರೂ ಅನ್ನುತ್ತಾರೆಂದು ಕಾದೆ. ಅವರು ಸಾಸಿವೆಯ ಜಡೆ ಸರಿಮಾಡುತ್ತಾ ಕೂತರು.

ಡಾಕ್ಟರು ಬರೆದುಕೊಟ್ಟದ್ದರಲ್ಲಿ ಔಷಧಿ ಇರಲಿಲ್ಲ. ದಿನಾ ಶಾಲೆ. ಹೊತ್ತಿಗೆ ಸರಿಯಾಗಿ ಊಟ, ತಿಂಡಿಯಾದ ಮೇಲೆ ಅವಸರವಿಲ್ಲದೆ ಹತ್ತು ನಿಮಿಷ ಶೌಚಾಲಯ. ದಿನಕ್ಕೆರಡು ಸಲ ಹೊಟ್ಟೆ ಉಬ್ಬಿಸಿ ಇಳಿಸುವ ಉಸಿರಾಟ, ನೋವಿಲ್ಲದಾಗಲೇ ಅಭ್ಯಾಸ ಮಾಡಬೇಕು. ಅವಳಾಗಿಯೇ ನೋವು ಎಂದರೆ ನಂಬುವುದು, ಸವರುವುದು, ಮುಂದಿನ ಕೆಲಸಕ್ಕೆ ಹೋಗುವುದು. ಶಾಲೆಗೂ ಒಂದು ಚೀಟಿ: ನೋವು ಬಂದರೆ ವಿಶ್ರಾಂತಿ ಕೋಣೆಯಲ್ಲಿ ಹೆಚ್ಚೆಂದರೆ ಹದಿನೈದು ನಿಮಿಷ, ಆಮೇಲೆ ತರಗತಿಗೆ. ಜ್ವರ, ರಕ್ತ, ತೂಕ ಇಳಿತ, ಎಚ್ಚರ ಮಾಡುವಂಥ ನೋವು ಇದ್ದರೆ ತಕ್ಷಣ ಬರಬೇಕು. ಕೊನೆಯ ಸಾಲಿಗೆ ಎರಡು ಸಲ ಗೆರೆ ಎಳೆದಿದ್ದರು: 'ತಾಯಿ ಎಷ್ಟು ಎಂದು ಕೇಳಕೂಡದು.'

ಬಸ್ಸಿನಲ್ಲಿ ಕಿಟಕಿಗೆ ಹಣೆ ಒತ್ತಿ ಕುಳಿತೆ. ಲ್ಯಾಬಿಗೆ ಹೊಸಬರು ಸೇರಿದರೆ ಮೊದಲ ದಿನ ನಾನೇ ಒಂದು ಪ್ರಯೋಗ ತೋರಿಸುತ್ತೇನೆ. ಎರಡು ಚಮಚ ಬಿಸಿನೀರಿಗೆ ತಣ್ಣಗಿನ ದಪ್ಪ ಥರ್ಮಾಮೀಟರ್ ಇಳಿಸುವುದು. ಅದು ನೀರಿನ ಬಿಸಿಯನ್ನು ತಾನೇ ಸ್ವಲ್ಪ ಹೀರಿಕೊಳ್ಳುತ್ತದೆ. ಆಮೇಲೆ ತೋರಿಸುವುದು, ತಾನು ಮುಟ್ಟಿ ಬದಲಿಸಿದ ನೀರಿನ ಬಿಸಿಯನ್ನು. ಹದಿಮೂರು ವರ್ಷದಲ್ಲಿ ಇದನ್ನು ಕನಿಷ್ಠ ನಲವತ್ತು ಹುಡುಗ ಹುಡುಗಿಯರಿಗೆ ಬಲು ಗತ್ತಿನಿಂದ ಹೇಳಿದ್ದೇನೆ.

ಕೇಳದಿರುವುದು ಇಷ್ಟು ಕಷ್ಟ ಎಂದು ನನಗೆ ಗೊತ್ತಿರಲಿಲ್ಲ. ತಖ್ತೆಯನ್ನು ಬೀರುವಿನ ಮೇಲೆ ಎಸೆದೆ. ಬಾಯಿ ಮುಚ್ಚಿಕೊಂಡೆ. ಮರುದಿನ ಬೆಳಿಗ್ಗೆ ಮಾವ ನನ್ನನ್ನು ಪಕ್ಕಕ್ಕೆ ಕರೆದರು.

"ಬಾಯಲ್ಲಿ ಕೇಳ್ತಿಲ್ಲ ಸರಿ. ಕಣ್ಣಲ್ಲಿ ಕೇಳ್ತಿದ್ದೀಯ."

"ಕಣ್ಣಲ್ಲಿ ಹೇಗೆ ಮಾವ ಕೇಳೋದು?"

"ಈಗ ನೋಡು, ಹಾಲಿನ ಲೋಟ ಕೊಡುವಾಗ ಮುಖ ನೋಡ್ಬೇಕು. ನೀನು ಹೊಟ್ಟೆ ನೋಡ್ತೀಯ. ಮಗೂಗೆ ಹೊಟ್ಟೇಲಿ ಟೀವಿ ಇದ್ದ ಹಾಗೆ."

ಉಸಿರಾಟದ ಅಭ್ಯಾಸ ಅವರೇ ವಹಿಸಿಕೊಂಡರು. ಸೂಜಿ ಚುಚ್ಚಿಡುವ ಪುಟ್ಟ ದಿಂಬಿನ ಸೂಜಿಗಳನ್ನೆಲ್ಲ ತೆಗೆದು, ಎರಡೆರಡು ಸಲ ತಡವಿ ನೋಡಿ, ಸಾಸಿವೆಯ ಹೊಟ್ಟೆಯ ಮೇಲಿಟ್ಟರು. "ಮೂಗಿಂದ ಎಳ್ಕೊ. ದಿಂಬು ಮೇಲೆ ಬರ್ಬೇಕು. ಆ... ಈಗ ಮೆಲ್ಲಗೆ ಕೆಳಗೆ. ಅವಸರ ಮಾಡಿದ್ರೆ ಹೊಲಿಗೆ ಸೊಟ್ಟ ಆಗುತ್ತೆ." ತಾವೂ ಪಕ್ಕದಲ್ಲಿ ಮಲಗಿ ತಮ್ಮ ಹೊಟ್ಟೆಯ ಮೇಲೆ ನೂಲಿನ ರೀಲು ಇಟ್ಟುಕೊಂಡರು. ಅದು ಉರುಳಿ ಮಂಚದ ಕೆಳಗೆ ಹೋಯಿತು. ಸಾಸಿವೆ ನಕ್ಕಳು, ದಿಂಬೂ ಬಿತ್ತು. ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿ ಅವಳು ಹುಬ್ಬು ಗಂಟಿಕ್ಕಿದಳು.

"ಅಮ್ಮಾ, ಎಣಿಸ್ತಿದ್ದೀಯಾ?"

"ಇಲ್ಲಪ್ಪ."

ನಿಮಿಷಕ್ಕೆ ಒಂಬತ್ತು.

ಆದರೂ ಎಲ್ಲ ತಟ್ಟನೆ ಸರಿಹೋಗಲಿಲ್ಲ. ಫೆಬ್ರವರಿ 21ರಂದು ಶಾಲೆಯಿಂದ ಫೋನ್ ಬಂತು, ಅವಳು ಅಳುತ್ತಿದ್ದಾಳೆಂದು. ಚೀಟಿ, ಹದಿನೈದು ನಿಮಿಷ, ಎಲ್ಲ ಮರೆತು ಓಡಿದೆ. ಮನೆಗೆ ತಂದು ಮಲಗಿಸಿದ ಅರ್ಧ ಗಂಟೆಗೆ ಅವಳು ಎದ್ದು ಚಿತ್ರ ಬರೆಯುತ್ತಾ ಕುಳಿತಳು. 25ರಂದು ಮತ್ತೆ ಹಾಗೇ. ಮಾರ್ಚ್ 1ರಂದು ಲಿಫ್ಟಿನ ಬಾವಿಯಿಂದ ಆಗತಾನೆ ಮೇಲೆ ಬಂದಿದ್ದ ನನ್ನ ಗಂಡ ಶಾಲೆಯ ಫೋನ್ ಎತ್ತಿದ, ಹೋಗಿ ಕರೆತಂದ, ಅವನೂ ನನಗಿಂತ ಗಟ್ಟಿಗನಲ್ಲ ಎಂದು ಸಾಬೀತಾಯಿತು. 6ರಂದು ಬೆಳಿಗ್ಗೆ ಅವಳು ಬಸ್ಸಿನ ಮೆಟ್ಟಿಲಲ್ಲೇ ಕೂತುಬಿಟ್ಟಳು. ಚಾಲಕ ಕಾಯಲಾರದೆ ಹೊರಟ. ನಾಲ್ಕು ದಿನ ಮುಗಿದವು.

"ಇನ್ನೆಷ್ಟು ಉಳಿದಿದೆ?" ಎಂದು ಅವಳು ಆ ಸಂಜೆ ಕೇಳಿದಳು.

"ನಾನು ಲೆಕ್ಕ ಇಟ್ಟಿಲ್ಲ."

ನಾನು ಲೆಕ್ಕ ಇಡದ ವಿಷಯ ಜಗತ್ತಿನಲ್ಲಿ ಯಾವುದೂ ಇಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತು. "ಹಾಗಿದ್ರೆ ಸೊನ್ನೆ," ಎಂದು ತಾನೇ ಹೇಳಿಕೊಂಡು, ಗುಂಗುರುವಿನ ಜೊತೆ ಮಾಡಬೇಕಿದ್ದ ಭೂಪಟಕ್ಕೆ ಬಣ್ಣ ಹಚ್ಚಲು ಹೋದಳು.

7, 8, 11, 12, 13. ಐದು ದಿನ ಶಾಲೆಗೆ ಹೋದಳು. ಎರಡು ಸಲ ನೋವು ಎಂದಳು, ಮನೆಯಲ್ಲಿ, ಸಂಜೆ. ಹೌದಾ ಎಂದು ಬೆನ್ನು ಸವರಿದೆ. ನನ್ನ ನಾಲಿಗೆಯ ತುದಿಯಲ್ಲಿ ಒಂದು ಪದ ಕೂತಿತ್ತು, ನುಂಗಿಕೊಂಡೆ.

ಮಾರ್ಚ್ 14, ಗುರುವಾರ. ನೀರಿನ ತೊಟ್ಟಿಯನ್ನು 37 ಡಿಗ್ರಿಗೆ ತಂದು ಹನ್ನೆರಡು ಥರ್ಮಾಮೀಟರು ಇಳಿಸಿದ್ದೆ. ನೀರಿನ ಬಿಸಿ ಸ್ಥಿರವಾಗುವವರೆಗೆ ಯಾವುದನ್ನೂ ಮುಟ್ಟುವ ಹಾಗಿಲ್ಲ. ಮೇಜಿನ ಮೇಲೆ ಫೋನು ಗುರುಗುಟ್ಟಿತು.

"ಶಾಲೆಯಿಂದ ನರ್ಸು ಮಾತಾಡ್ತಿರೋದು. ಮಗು ನನ್ನ ಹತ್ರ ಬಂದಿದೆ, ಹೊಟ್ಟೆನೋವಂತೆ. ಬಂದು ಕರ್ಕೊಂಡು ಹೋಗ್ತೀರಾ?"

"ಜ್ವರ ಇದೆಯಾ?"

"ಇಲ್ಲ."

"ವಾಂತಿ?"

"ಇಲ್ಲಮ್ಮ. ಮುಖ ಮಾತ್ರ ಸಪ್ಪಗಿದೆ."

ನನ್ನ ಇನ್ನೊಂದು ಕೈಯಲ್ಲಿ ಚೀಲ ಆಗಲೇ ಇತ್ತು. ಯಾವಾಗ ತೆಗೆದುಕೊಂಡೆನೋ ತಿಳಿಯದು. ಹೋದರೆ ಅವಳು ಅರ್ಧ ಗಂಟೆಯಲ್ಲಿ ಆರಾಮಾಗುತ್ತಾಳೆ, ಮೂರನೇ ತರಗತಿಯಲ್ಲಿ ಇನ್ನೊಂದು ವರ್ಷ ಇರುತ್ತಾಳೆ. ಹೋಗದಿದ್ದರೆ? ಹೋಗದಿದ್ದರೆ ಏನಾಗುತ್ತದೆಂಬುದಕ್ಕೆ ನನ್ನ ಬಳಿ ಇದ್ದ ಪುರಾವೆ ಮೂರೇ ದಿನದ್ದು, ಅದೂ ಖಾಲಿ ಹಾಳೆ.

"ಅವಳಿಗೆ ಫೋನ್ ಕೊಡ್ತೀರಾ?"

ಸ್ವಲ್ಪ ಸದ್ದು. ಆಮೇಲೆ, "ಅಮ್ಮಾ, ನೋವು."

"ಹೌದಾ ಪುಟ್ಟಾ." ಚೀಲ ಕೆಳಗಿಟ್ಟೆ. "ಅಲ್ಲಿ ಮಂಚ ಇದೆಯಲ್ಲ, ಮಲ್ಕೋ. ದಿಂಬು ಇಲ್ಲದಿದ್ರೆ ಕೈ ಇಟ್ಕೋ. ತಾತನ ಜೊತೆ ಮಾಡಿದ ಹಾಗೆ ಉಸಿರು ಎಳ್ಕೊ, ಬಿಡು. ಆಮೇಲೆ ಕ್ಲಾಸಿಗೆ ಹೋಗು."

"ನೀನು ಬರಲ್ವಾ?"

"ಮೂರೂವರೆಗೆ ಬರ್ತೀನಿ. ಗೇಟಿನ ಹತ್ರ."

ಆ ಕಡೆ ಮೂಗೆಳೆಯುವ ಸದ್ದು. ನಾನು ಮೇಜಿನ ಅಂಚು ಹಿಡಿದುಕೊಂಡೆ.

"ಅಮ್ಮಾ, ನೀನು ಕೇಳಲ್ವಾ?"

"ಏನನ್ನ?"

"ಎಷ್ಟು ಅಂತ."

"ಇಲ್ಲ."

"ಯಾಕೆ?"

"ನೋವು ಅಂದ್ಯಲ್ಲ, ಸಾಕು. ನಂಬಿದೆ."

ಅವಳು ಯೋಚಿಸಿದಳು. ಮಕ್ಕಳು ಯೋಚಿಸುವುದು ಫೋನಿನಲ್ಲೂ ಕೇಳಿಸುತ್ತದೆ. "ಸರಿ," ಎಂದಳು, ಫೋನು ನರ್ಸಿಗೆ ಹೋಯಿತು, ಕಟ್ ಆಯಿತು.

ಪಕ್ಕದ ಮೇಜಿನ ಸಹೋದ್ಯೋಗಿ ಇಣುಕಿದ. "ಮೇಡಮ್, ಹನ್ನೆರಡೂ ಸ್ಥಿರ ಆಗಿವೆ. ನೀವೊಬ್ಬರೇ ಅಲುಗಾಡ್ತಿರೋದು."

"ಬಾಯಿ ಮುಚ್ಕೊಂಡು ರೀಡಿಂಗ್ ತೊಗೊಳಪ್ಪ," ಎಂದೆ. ಅವನು ಓದಿದ, ನಾನು ಬರೆದೆ. ನಾಲ್ಕನೆಯದನ್ನು ಐದನೆಯ ಸಾಲಿನಲ್ಲಿ ಬರೆದೆ. ಅವನು ತಿದ್ದಿದ. ಹನ್ನೆರಡೂವರೆಗೆ ಫೋನ್ ನೋಡಿದೆ. ಒಂದು ಗಂಟೆಗೆ ನೋಡಿದೆ. ಎರಡಕ್ಕೆ, ಫೋನ್ ಕೆಟ್ಟಿದೆಯೇನೋ ಎಂದು ಅವನ ಫೋನಿನಿಂದ ನನಗೇ ಕರೆ ಮಾಡಿ ನೋಡಿದೆ. ಸರಿಯಾಗಿಯೇ ಇತ್ತು.

ಮೂರೂ ಇಪ್ಪತ್ತಕ್ಕೆ ಗೇಟಿನಲ್ಲಿ ನಿಂತಿದ್ದೆ. ಮಾವ ನನಗಿಂತ ಮೊದಲೇ ಬಂದು, ಗೋಡೆಗೆ ಒರಗಿ, ತಾವು ಸುಮ್ಮನೆ ಈ ಕಡೆ ಬಂದವರೆಂಬ ಮುಖ ಮಾಡಿಕೊಂಡಿದ್ದರು. ಗಂಟೆ ಹೊಡೆಯಿತು. ಮಕ್ಕಳ ಹಿಂಡಿನಲ್ಲಿ ಮೊದಲು ಸುರುಳಿ ಕೂದಲು ಕಂಡಿತು, ಅದರ ಹಿಂದೆ ಸಾಸಿವೆ. ಇಬ್ಬರೂ ಒಂದು ದೊಡ್ಡ ಭೂಪಟವನ್ನು ಎರಡು ತುದಿಯಲ್ಲಿ ಹಿಡಿದುಕೊಂಡು, ಅಡ್ಡ ಬಂದವರ ಮೇಲೆಲ್ಲ ಕೂಗಾಡುತ್ತಾ ಬಂದರು.

"ಅಮ್ಮಾ, ನಮ್ದಕ್ಕೆ ಮೊದಲನೇ ಸ್ಥಾನ ಬರ್ಬೇಕಿತ್ತು, ಇವಳು ಸಮುದ್ರಕ್ಕೆ ಹಸಿರು ಹಚ್ಚಿಬಿಟ್ಲು!"

"ನೀಲಿ ಮುಗಿದೋಗಿತ್ತು ಆಂಟಿ!"

"ಮುಗಿದಿರ್ಲಿಲ್ಲ, ನೀನು ಆಕಾಶಕ್ಕೆ ಹಚ್ಚಿದೆ. ಭೂಪಟದಲ್ಲಿ ಆಕಾಶ ಯಾಕೆ?"

ಮಾವ ನನ್ನ ಕಡೆ ನೋಡಿದರು. ನಾನು ಸಾಸಿವೆಯ ಮುಖವನ್ನೇ ನೋಡಿದೆ, ಮುಖವನ್ನು ಮಾತ್ರ. ಸಮುದ್ರದ ಬಣ್ಣದ ಬಗ್ಗೆ ಎರಡು ಪ್ರಶ್ನೆ ಕೇಳಿದೆ. ಅರ್ಧ ದಾರಿಯಲ್ಲಿ ಅವಳು ತಾನಾಗಿಯೇ, "ಇದು ನಿನಗೆ ಕೊಡು ಅಂದ್ರು," ಎಂದು ಅಂಗಿಯ ಜೇಬಿನಿಂದ ಮುದುಡಿದ ಚೀಟಿಯೊಂದನ್ನು ತೆಗೆದು ಕೊಟ್ಟು, ಮತ್ತೆ ಗುಂಗುರುವಿನ ಜೊತೆ ಜಗಳಕ್ಕೆ ಓಡಿದಳು.

ನರ್ಸಿನ ಕೈಬರಹ. ಮಲಗಿದ್ದು 11 ಗಂಟೆ 20 ನಿಮಿಷಕ್ಕೆ. ತರಗತಿಗೆ ಹೊರಟದ್ದು 11 ಗಂಟೆ 31 ನಿಮಿಷಕ್ಕೆ. ತಾನೇ ಎದ್ದು ಹೋದಳು.

ಹನ್ನೊಂದು ನಿಮಿಷ.